ಅರೆತಲೆ ಶೂಲೆಯ ಚರಿತ್ರೆ

ಬೈಂದೂರಿನಿಂದ ಮಣಿಪಾಲದ ಕಡೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಪ್ರಯಾಣ ಮಾಡಿದ ವಾಚಕರಿಗೆ ಒಂದು ನೋಟ ಪರಿಚಿತವಾಗಿಯೇ ಇರಬೇಕು. ಪ್ರಯಾಣಿಕರಲ್ಲಿ ಯಾರಾದರೊಬ್ಬರ ತೊಡೆಯ ಮೇಲೆ ಅಗಲವಾದ ಲಕೋಟೆಯೊಂದು ಇರುತ್ತದೆ; ಅದರೊಳಗೆ ಸ್ಕ್ಯಾನಿಂಗಿನ ಫಿಲ್ಮು. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯೂ ಬಂದಾಗ ಉಳಿದವರೆಲ್ಲ ಅತ್ತಿತ್ತ ಕತ್ತು ಹೊರಳಿಸಿ ನೋಡುತ್ತಾರೆ. ಲಕೋಟೆ ಹಿಡಿದವರು ಮಾತ್ರ ನೋಡುವುದಿಲ್ಲ.

ಹೋದ ವರ್ಷ ಬ್ರಹ್ಮಾವರದಲ್ಲಿ ಕೆಲಸವೊಂದನ್ನು ಮುಗಿಸಿ ಕುಂದಾಪುರಕ್ಕೆ ಹಿಂದಿರುಗುತ್ತಿದ್ದಾಗ ಅಂಥ ಲಕೋಟೆಯೊಂದು ನನ್ನ ಪಕ್ಕದ ಆಸನದಲ್ಲಿಯೇ ಇದ್ದಿತು. ಹಿಡಿದಿದ್ದವಳು ಹಿಂದೆ ನನ್ನಲ್ಲಿ ಓದಿದ ಹೆಣ್ಣುಮಗಳು. ಈಗ ಎರಡು ಮಕ್ಕಳ ತಾಯಿ. ಹಲವು ವರ್ಷಗಳಿಂದ ಅರೆತಲೆ ಶೂಲೆ. ತಿಂಗಳಿಗೆ ಮೂರು ನಾಲ್ಕು ಸಲ ಹಾಸಿಗೆ ಹಿಡಿಸುತ್ತದೆ; ಬೆಳಕು ಸಹಿಸದು, ಪಾತ್ರೆಯ ಸದ್ದು ಸಹಿಸದು, ಒಗ್ಗರಣೆಯ ವಾಸನೆ ಬಂದರೆ ವಾಂತಿ. ಕೊನೆಗೆ ತಲೆಯ ಸ್ಕ್ಯಾನಿಂಗ್ ಮಾಡಿಸಿದರಂತೆ. ದೋಷವೇನೂ ಇಲ್ಲವೆಂದು ವರದಿ ಬಂದಿತ್ತು. “ಒಳ್ಳೆಯದಾಯಿತಲ್ಲವೇ?” ಎಂದೆ. ಆಕೆ ಲಕೋಟೆಯ ಅಂಚನ್ನು ಮಡಚುತ್ತ, “ಒಳ್ಳೇದೆಂತದ್ದ್ ಮಾಸ್ಟ್ರೆ? ಅದ್ರಗೆ ಎಂತಾರೂ ಕಂಡಿದ್ರೆ ಮನೇಲ್ ನಂಬ್ತಿದ್ರ್” ಎಂದಳು.

ರೋಗ ಕಾಣಲಿಲ್ಲವೆಂದು ಕಣ್ಣೀರು ತಂದುಕೊಳ್ಳುವ ರೋಗಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆ ನಂಬದವರ ಸಾಲಿನಲ್ಲಿ ನಾನೂ ಒಮ್ಮೆ ನಿಂತವನೇ. ಆಕೆ ಒಂಬತ್ತನೆಯ ತರಗತಿಯಲ್ಲಿದ್ದಾಗ, ಕಿರುಪರೀಕ್ಷೆಯ ದಿನ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಪರೀಕ್ಷೆಯ ದಿನವನ್ನೇ ಹುಡುಕಿಕೊಂಡು ತಲೆನೋವು ಹೇಗೆ ಬರುತ್ತದೆಂದು ನಾನು ಎಲ್ಲರೆದುರು ಕೇಳಿದೆ, ತರಗತಿ ನಕ್ಕಿತು. ಆಕೆ ಮರೆತಿರಬಹುದು. ನನಗೆ ಮರೆತಿಲ್ಲ. ಆ ಬಸ್ಸಿನ ಪ್ರಯಾಣದ ತರುವಾಯ ಈ ನೋವಿನ ವಿಷಯವಾಗಿ ಹಿಂದಿನವರು ಏನೆಂದರು, ಇಂದಿನವರು ಏನು ಕಂಡರು ಎಂಬುದನ್ನು ಓದುತ್ತ ಹೋದೆನು. ನಾನು ವೈದ್ಯನಲ್ಲ, ಶಬ್ದಗಳ ಬೆನ್ನು ಹತ್ತಿ ಹೋಗುವ ಪಂಡಿತ. ಆದುದರಿಂದ ಶಬ್ದದಿಂದಲೇ ಆರಂಭಿಸುವೆನು.

ನಾವು ಅರೆತಲೆ ಶೂಲೆ ಎನ್ನುವುದನ್ನು ಆಯುರ್ವೇದದ ಗ್ರಂಥಗಳು ‘ಅರ್ಧಾವಭೇದಕ’ ಎಂದು ಕರೆದಿವೆ. ಅರ್ಧವನ್ನು ಸೀಳುವಂಥದು ಎಂದು ಅದರ ಅರ್ಥ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನ್ ಇದನ್ನೇ ‘ಹೆಮಿಕ್ರೇನಿಯಾ’ ಎಂದನು. ‘ಹೆಮಿ’ ಎಂದರೆ ಅರ್ಧ, ‘ಕ್ರೇನಿಯನ್’ ಎಂದರೆ ತಲೆಬುರುಡೆ. ಆ ‘ಹೆಮಿ’ಯೂ ಸಂಸ್ಕೃತದಲ್ಲಿ ಅರ್ಧವೆಂಬ ಅರ್ಥವುಳ್ಳ ‘ಸಾಮಿ’ ಎಂಬ ಅವ್ಯಯವೂ ದಾಯಾದಿಗಳೇ ಸರಿ. ಗ್ರೀಕ್ ಶಬ್ದವು ಲ್ಯಾಟಿನ್ನಿಗೆ ಹೋಗಿ, ಫ್ರೆಂಚ್ ಬಾಯಲ್ಲಿ ಸವೆದು, ‘ಮಿಗ್ರೇನ್’ ಆಗಿ, ಇಂಗ್ಲಿಷಿನ ‘ಮೈಗ್ರೇನ್’ ಆಯಿತು. ಅರ್ಧವೆಂದು ಹೇಳುವ ಶಬ್ದವೇ ಅರ್ಧ ಕಳೆದುಹೋಗಿ ‘ಮಿ’ ಎಂಬಷ್ಟೇ ಉಳಿದುದು ವಿನೋದವಲ್ಲವೇ? ಅದೇನೇ ಇರಲಿ, ಸಂಸ್ಕೃತದವರೂ ಗ್ರೀಕರೂ ಕನ್ನಡದವರೂ ಒಂದೇ ಲಕ್ಷಣವನ್ನು ಹಿಡಿದು ಹೆಸರಿಟ್ಟಿದ್ದಾರೆ. ಇಷ್ಟು ಜನ ಇಷ್ಟು ಕಾಲ ಒಂದೇ ಸೋಗನ್ನು ಹಾಕಿದರೆಂದು ನಂಬುವುದು ಕಷ್ಟ.

ಹೆಸರಿನ ಹಿಂದೆ ಲಕ್ಷಣಗಳ ವಿವರವೂ ಇದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಹನ್ನೊಂದು ಶಿರೋರೋಗಗಳನ್ನು ಎಣಿಸುವಾಗ ಅರ್ಧಾವಭೇದಕವನ್ನೂ ಹೇಳುತ್ತದೆ. ಅರ್ಧ ತಲೆಯಲ್ಲಿ ಒಡೆದಂತೆ, ಚುಚ್ಚಿದಂತೆ ನೋವು; ಜತೆಗೆ ತಲೆಸುತ್ತು. ಹದಿನೈದು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಇಲ್ಲವೆ ಇದ್ದಕ್ಕಿದ್ದಂತೆ ಬರುತ್ತದೆ ಎನ್ನುತ್ತದೆ. ಚರಕಸಂಹಿತೆಯ ಸಿದ್ಧಿಸ್ಥಾನವು ಕತ್ತು, ಹುಬ್ಬು, ಕೆನ್ನೆಯ ಮೇಲಿನ ಕಪೋಲ, ಕಿವಿ, ಕಣ್ಣು, ಹಣೆ ಇವುಗಳ ಒಂದು ಪಾರ್ಶ್ವವನ್ನು ಹೆಸರಿಸಿ, ಆ ನೋವನ್ನು ಶಸ್ತ್ರದ ಇರಿತಕ್ಕೂ ಬೆಂಕಿ ಹುಟ್ಟಿಸುವ ಅರಣಿಯ ಕಡೆತಕ್ಕೂ ಹೋಲಿಸುತ್ತದೆ. ಅರಣಿಯನ್ನು ನೋಡಿದವರಿಗೆ ಆ ಹೋಲಿಕೆಯ ಬೆಲೆ ಗೊತ್ತು: ತಿರುಗಿಸಿದಷ್ಟೂ ಆಳಕ್ಕಿಳಿಯುತ್ತದೆ, ಬಿಸಿಯೇರುತ್ತದೆ. ರೋಗಿಯ ಬಾಯಿಂದ ಕೇಳದೆ ಇಂಥ ಮಾತನ್ನು ಯಾರೂ ಬರೆಯಲಾರರು.

ಯೂರೋಪಿನಲ್ಲಿ 17ನೆಯ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್, ತಲೆಯ ರಕ್ತನಾಳಗಳು ಉಬ್ಬುವುದರಿಂದ ಈ ನೋವು ಬರುತ್ತದೆಂದು ಬಗೆದರು. ತತ್ತ್ವಶಾಸ್ತ್ರದಲ್ಲಿ ಹೆಸರಾದ ಆನ್ ಕಾನ್ವೆ ಎಂಬ ವಿದುಷಿ ಅವರ ರೋಗಿಗಳಲ್ಲೊಬ್ಬರು. ರಕ್ತಪರಿಚಲನೆಯನ್ನು ಕಂಡುಹಿಡಿದ ವಿಲಿಯಂ ಹಾರ್ವೆಯವರೂ ಆಕೆಯನ್ನು ಪರೀಕ್ಷಿಸಿದ್ದರು. ಆ ಕಾಲದ ದೊಡ್ಡ ದೊಡ್ಡ ವೈದ್ಯರಿಂದಲೂ ಆಕೆಯ ತಲೆನೋವು ವಾಸಿಯಾಗಲಿಲ್ಲ. 1873ರಲ್ಲಿ ಎಡ್ವರ್ಡ್ ಲಿವೀಂಗ್ ಎಂಬ ವೈದ್ಯರು ಬೇರೊಂದು ಮತವನ್ನು ಮುಂದಿಟ್ಟರು: ಇದು ರಕ್ತನಾಳದ ಕಾಟವಲ್ಲ, ನರಮಂಡಲದಲ್ಲಿ ಏಳುವ ಬಿರುಗಾಳಿ. ನಾಳವೋ ನರವೋ ಎಂಬ ಈ ವ್ಯಾಜ್ಯ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು.

ಇಷ್ಟರಲ್ಲಿ ಒಂದು ಸಣ್ಣ ಘಟನೆ ನಡೆದಿತ್ತು. ಈ ರೋಗಿಗಳಲ್ಲಿ ಕೆಲವರಿಗೆ ನೋವು ಬರುವ ಮುನ್ನ ಕಣ್ಣೆದುರು ಮಿನುಗುವ ವಕ್ರರೇಖೆಗಳು ಕಾಣಿಸುತ್ತವೆ. ಮೊದಲು ಒಂದು ಚುಕ್ಕೆ. ಅದರ ಸುತ್ತ ಕೋಟೆಯ ಕೊತ್ತಳಗಳಂತೆ ಮೂಲೆಮೂಲೆಯಾದ ಹೊಳೆಯುವ ಅಂಚು. ಅಂಚು ಹಿಗ್ಗುತ್ತ ಹೋದಂತೆ ನಡುವೆ ಕುರುಡು. ಮಧ್ಯಾಹ್ನದ ಬಿಸಿಲಲ್ಲಿ ಗಂಗೊಳ್ಳಿಯ ಅಳಿವೆಯ ನೀರನ್ನು ದಿಟ್ಟಿಸಿದಂತಿರುತ್ತದೆ ಎಂದು ಬಲ್ಲವರೊಬ್ಬರು ನನಗೆ ಹೇಳಿದರು. 1870ರಲ್ಲಿ ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ ತಮಗೆ ಕಂಡುದನ್ನು ಹೊತ್ತುಹೊತ್ತಿಗೆ ಚಿತ್ರ ಬರೆದು ಪ್ರಕಟಿಸಿದರು. ಅವರ ತಂದೆ, ಪ್ರಸಿದ್ಧ ಖಗೋಳಜ್ಞರಾದ ಜಾರ್ಜ್ ಏರಿಯವರಿಗೂ ಹೀಗೆಯೇ ಕಾಣಿಸುತ್ತಿತ್ತು. ಕೋಟೆಗೋಡೆಯೆಂಬ ಅರ್ಥದ ಗ್ರೀಕ್ ಪದವನ್ನು ಸೇರಿಸಿ ಆ ನೋಟಕ್ಕೆ ‘ಟೈಕಾಪ್ಸಿಯಾ’ ಎಂದು ಹೆಸರಿಟ್ಟರು. ವಾಚಕರು ಇದನ್ನು ಗಮನಿಸಬೇಕು: ಅರೆತಲೆ ಶೂಲೆಯ ಪ್ರಮಾಣಭೂತ ಚಿತ್ರಗಳಲ್ಲಿ ಮೊದಲಿನವು ಯಂತ್ರ ತೆಗೆದುವಲ್ಲ, ನರಳಿದವರೇ ಬರೆದುವು.

ಆ ಚಿತ್ರಗಳಿಗೆ ಗಣಿತ ಸೇರಿದುದು 1941ರಲ್ಲಿ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಷ್ಲಿಯವರಿಗೂ ಈ ಕಾಟವಿದ್ದಿತು. ತಮ್ಮ ಕಣ್ಣೆದುರಿನ ಕುರುಡುಚುಕ್ಕೆ ಎಷ್ಟು ಹೊತ್ತಿನಲ್ಲಿ ಎಷ್ಟು ಹಿಗ್ಗುತ್ತದೆಂದು ಅವರು ಗುರುತು ಹಾಕಿದರು. ಮಿದುಳಿನ ಹಿಂಭಾಗದಲ್ಲಿ, ನೋಟಕ್ಕೆ ಸಂಬಂಧಿಸಿದ ಪದರದಲ್ಲಿ, ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ತೆವಳುತ್ತಿರಬೇಕೆಂದು ಲೆಕ್ಕ ಹಾಕಿದರು. ಮೂರು ವರ್ಷದ ತರುವಾಯ, 1944ರಲ್ಲಿ, ಬ್ರೆಜಿಲಿನಿಂದ ಹಾರ್ವರ್ಡಿಗೆ ಬಂದಿದ್ದ ಅರಿಸ್ಟಿಡೆಸ್ ಲೆಯಾಂವ್ ಎಂಬ ತರುಣ ವಿಜ್ಞಾನಿ ಮೊಲಗಳ ಮಿದುಳಿನಲ್ಲಿ ಅಪಸ್ಮಾರದ ಶೋಧ ಮಾಡುತ್ತಿದ್ದರು. ಅವರು ಹುಡುಕಿದ ಕೋಲಾಹಲದ ಬದಲು ಮೌನವೊಂದು ಸಿಕ್ಕಿತು. ನರಕೋಶಗಳ ವಿದ್ಯುತ್ ಚಟುವಟಿಕೆ ಅಡಗಿಹೋಗುವ ಒಂದು ತೆರೆ, ಮುಟ್ಟಿದ ಕಡೆಯಿಂದ ಸುತ್ತಲೂ ಮೆಲ್ಲಗೆ ಹರಡುತ್ತಿತ್ತು. ಅದರ ವೇಗವೂ ನಿಮಿಷಕ್ಕೆ ಸುಮಾರು ಅಷ್ಟೇ. ಲ್ಯಾಷ್ಲಿಯವರ ಲೆಕ್ಕವೂ ಲೆಯಾಂವರ ತೆರೆಯೂ ಒಂದೇ ಇರಬಹುದೆಂದು 1958ರಲ್ಲಿ ಮಿಲ್ನರ್ ಎಂಬ ವಿಜ್ಞಾನಿ ಸೂಚಿಸಿದರು. ಆದರೆ ಮೊಲದ ಮಿದುಳಿನ ಸಾಕ್ಷ್ಯವನ್ನು ಮನುಷ್ಯನ ಮೊಕದ್ದಮೆಯಲ್ಲಿ ಒಪ್ಪುವವರು ಕಡಮೆ. ಆ ಕಾಲದಲ್ಲಿ ಗೆದ್ದಿದ್ದುದು ರಕ್ತನಾಳದ ಪಕ್ಷ. ಎರ್ಗಟಮೀನ್ ಎಂಬ ಔಷಧ ಕೊಟ್ಟಾಗ ಕಪೋಲದ ನಾಡಿಯ ಮಿಡಿತವೂ ನೋವೂ ಜತೆಜತೆಯಾಗಿ ತಗ್ಗುವುದನ್ನು 1938ರಲ್ಲಿಯೇ ಗ್ರಹಾಂ ಮತ್ತು ವುಲ್ಫ್ ಎಂಬ ಅಮೆರಿಕದ ವೈದ್ಯರು ತೋರಿಸಿದ್ದರು.

ಇನ್ನು ಯಂತ್ರಗಳ ಕಡೆಗೆ ಬರೋಣ. 1895ರಲ್ಲಿ ರಾಂಟ್‌ಜನ್ನರು ಕ್ಷಕಿರಣವನ್ನು ಕಂಡುಹಿಡಿದಾಗ ತಲೆಯ ಒಳಗನ್ನು ನೋಡಬಹುದೆಂದು ಜನ ಹಿಗ್ಗಿದರು. ಕಂಡುದು ಬುರುಡೆಯ ಮೂಳೆ ಮಾತ್ರ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮಿದುಳನ್ನು ಹಲಸಿನ ಹಣ್ಣನ್ನು ಅಡ್ಡಡ್ಡ ಕೊಯ್ದಂತೆ ಪದರುಪದರಾಗಿ ತೋರಿಸಿತು. 1973ರಲ್ಲಿ ಲಾಟರ್‌ಬರ್ ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುವ ದಾರಿ ತೋರಿದರು, ಇಂದಿನ ಎಂ.ಆರ್.ಐ. ಅದರ ಸಂತಾನ. ಗೆಡ್ಡೆಯನ್ನು, ರಕ್ತಸ್ರಾವವನ್ನು ಹಿಡಿಯುವುದರಲ್ಲಿ ಇವು ಉಳಿಸಿದ ಜೀವಗಳು ಅಸಂಖ್ಯ. ಅರೆತಲೆ ಶೂಲೆಯವರ ವಿಷಯದಲ್ಲಿ ಮಾತ್ರ ಚಿತ್ರ ಬಹುಮಟ್ಟಿಗೆ ನಿರ್ದೋಷವಾಗಿಯೇ ಬಂದಿತು. ನನ್ನ ಶಿಷ್ಯೆಯ ಲಕೋಟೆಯಲ್ಲಿದ್ದುದು ಇಂಥ ಚಿತ್ರವೇ.

ಇದೇಕೆ ಹೀಗೆ? ಮಧ್ಯಮ ತರಂಗದ ರೇಡಿಯೋ ಕೇಳಿ ಬೆಳೆದ ಮನೆಗಳಿಗೆ ಇದನ್ನು ತಿಳಿಯಹೇಳುವುದು ಸುಲಭ. ಜ್ಯೇಷ್ಠ ಮಾಸದ ಗುಡುಗುಮಿಂಚಿನ ರಾತ್ರಿ, ಯಕ್ಷಗಾನದ ಭಾಗವತಿಕೆ ಬರುತ್ತಿರುವಾಗಲೇ ಪೆಟ್ಟಿಗೆ ಕರಕರ ಎನ್ನತೊಡಗುತ್ತಿತ್ತು. ಮಾರನೆಯ ದಿನ ಹಿಂಬದಿಯ ಹಲಗೆ ತೆಗೆದು ನೋಡಿದರೆ ಒಂದು ತಂತಿಯೂ ಕಡಿದಿಲ್ಲ, ಒಂದು ಬೆಸುಗೆಯೂ ಬಿಟ್ಟಿಲ್ಲ. ಹಾಗೆಂದು ರಾತ್ರಿಯ ಕರಕರವು ಸುಳ್ಳೇ? ದೋಷವಿದ್ದುದು ಪೆಟ್ಟಿಗೆಯ ಕಟ್ಟಡದಲ್ಲಲ್ಲ, ಆ ಹೊತ್ತಿನ ತರಂಗದಲ್ಲಿ. ಸಾಧಾರಣ ಸ್ಕ್ಯಾನಿಂಗ್ ಮಿದುಳಿನ ಕಟ್ಟಡವನ್ನು ತೋರಿಸುತ್ತದೆ. ಅರೆತಲೆ ಶೂಲೆಯು ಮುಖ್ಯವಾಗಿ ಮಿದುಳಿನ ನಡವಳಿಕೆಯ ರೋಗ. ಅದನ್ನು ಕಾಣಬೇಕಾದರೆ ಬಿರುಗಾಳಿ ಬೀಸುತ್ತಿರುವಾಗಲೇ, ಚಲನೆಯನ್ನು ಅಳೆಯುವ ಯಂತ್ರದಿಂದ ನೋಡಬೇಕು.

ಅದು ಸಾಧ್ಯವಾದುದು 1981ರಲ್ಲಿ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಓಲೆಸೆನ್ ಮತ್ತು ಸಂಗಡಿಗರು ವಿಕಿರಣಶೀಲ ಝೆನಾನ್ ಅನಿಲವನ್ನು ರಕ್ತದಲ್ಲಿ ಸೇರಿಸಿ, ನೋವಿನ ಮುನ್ಸೂಚನೆಯ ಹೊತ್ತಿನಲ್ಲಿ ಮಿದುಳಿನ ಹಿಂಭಾಗದಿಂದ ಮುಂದಕ್ಕೆ ರಕ್ತದ ಹರಿವು ಇಳಿಯುತ್ತ ಬರುವುದನ್ನು ಕಂಡರು. 1994ರಲ್ಲಿ ಅಮೆರಿಕದಲ್ಲಿ ಬೇರಾವುದೋ ಪ್ರಯೋಗಕ್ಕೆಂದು ಪಿ.ಇ.ಟಿ. ಯಂತ್ರದಲ್ಲಿ ಮಲಗಿದ್ದ ಸ್ವಯಂಸೇವಕಿಯೊಬ್ಬಳಿಗೆ ಅಲ್ಲಿಯೇ ಅರೆತಲೆ ಶೂಲೆ ಬಂದಿತು. ಯಂತ್ರವು ಅದೇ ಇಳಿತವನ್ನು ಬರೆದುಕೊಂಡಿತು. 2001ರಲ್ಲಿ ಬಾಸ್ಟನ್ನಿನಲ್ಲಿ ಹಾಜಿಖಾನಿ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ರಕ್ತದ ಆಮ್ಲಜನಕವನ್ನು ಗುರುತಿಸಿ ಮಿದುಳಿನ ಕೆಲಸವನ್ನು ನೋಡುವ ಹೊಸ ಎಂ.ಆರ್.ಐ. ವಿಧಾನ ಆಗ ಬಂದಿತ್ತು. ವ್ಯಾಯಾಮ ಮಾಡಿದರೆ ಕಣ್ಣೆದುರು ರೇಖೆಗಳು ಮೂಡುತ್ತವೆಂದು ತಿಳಿದಿದ್ದ ಒಬ್ಬ ರೋಗಿಯನ್ನು ಅದರಲ್ಲಿ ಮಲಗಿಸಿದರು. ನೋಟದ ಪದರದಲ್ಲಿ ಬದಲಾವಣೆಯೊಂದು ಹರಡುತ್ತ ಹೋಯಿತು. ಅದರ ವೇಗ ನಿಮಿಷಕ್ಕೆ ಸುಮಾರು 3.5 ಮಿಲಿಮೀಟರ್. ಆತನ ಕಣ್ಣಿಗೆ ರೇಖೆ ಎಲ್ಲೆಲ್ಲಿ ಸರಿಯಿತೋ ಮಿದುಳಿನಲ್ಲಿ ತೆರೆಯೂ ಅದಕ್ಕೆ ಒಪ್ಪುವ ಕಡೆಗೇ ಸರಿಯಿತು. ಲ್ಯಾಷ್ಲಿಯವರು ಕಾಗದದ ಮೇಲೆ ಹಾಕಿದ ಲೆಕ್ಕಕ್ಕೆ ಅರುವತ್ತು ವರ್ಷದ ಮೇಲೆ, ಏರಿಯವರು ಬರೆದ ಚಿತ್ರಕ್ಕೆ 131 ವರ್ಷದ ಮೇಲೆ, ಯಂತ್ರವು ರುಜು ಹಾಕಿತು.

ನಾಳದ ಪಕ್ಷವೂ ಈ ನ್ಯಾಯಾಲಯದಲ್ಲಿ ಹಿಂದೆ ಸರಿಯಬೇಕಾಯಿತು. 1995ರಲ್ಲಿ ಜರ್ಮನಿಯ ವೈಲ್ಲರ್ ಮತ್ತು ಸಂಗಡಿಗರು, ನೋವಿನ ಹೊತ್ತಿನಲ್ಲಿ ಮಿದುಳಿನ ಕಾಂಡದ ಒಂದು ಭಾಗ ಚುರುಕಾಗಿರುವುದನ್ನೂ, ಔಷಧ ಕೊಟ್ಟು ನೋವು ಹೋದಮೇಲೂ ಅದು ಆರದೆ ಉಳಿಯುವುದನ್ನೂ ತೋರಿಸಿದರು. 2013ರಲ್ಲಿ ಕೋಪನ್‌ಹೇಗನ್ನಿನವರು 19 ಮಂದಿ ಮಹಿಳೆಯರ ರಕ್ತನಾಳಗಳನ್ನು ನೋವಿನ ನಡುವೆಯೇ ಎಂ.ಆರ್.ಐ.ಯಿಂದ ಅಳೆದಾಗ ಬುರುಡೆಯ ಹೊರಗಿನ ನಾಳಗಳು ಉಬ್ಬಿರಲಿಲ್ಲ. ನಾಳಗಳ ಸುತ್ತಲಿನ ನರತಂತುಗಳಿಗೂ ಅವು ಸ್ರವಿಸುವ ದ್ರವ್ಯಗಳಿಗೂ ನೋವಿನಲ್ಲಿ ಪಾತ್ರವುಂಟು; ಅವುಗಳನ್ನು ತಡೆಯುವ ಹೊಸ ಔಷಧಗಳು 2018ರಿಂದೀಚೆಗೆ ಬಂದಿವೆ. ಆದರೆ ಆಟದ ಸೂತ್ರ ಮಿದುಳಿನಲ್ಲಿದೆ ಎಂಬುದನ್ನು ಇಂದು ಬಹುಮಂದಿ ಒಪ್ಪುತ್ತಾರೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದುದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಹ್ಯಾಂಬರ್ಗಿನ ಶುಲ್ಟೆ ಮತ್ತು ಮೇ ಎಂಬ ವೈದ್ಯರು ಒಬ್ಬ ರೋಗಿಯ ಮಿದುಳನ್ನು ಎಡೆಬಿಡದೆ 30 ದಿನ ಪ್ರತಿನಿತ್ಯ ಚಿತ್ರಿಸಿದರು. ಆ ತಿಂಗಳಲ್ಲಿ ಮೂರು ಸಲ ನೋವು ಬಂದಿತು. ಹಸಿವು, ನಿದ್ರೆ, ಬಾಯಾರಿಕೆಗಳನ್ನು ಆಳುವ ಹೈಪೋಥಲಮಸ್ ಎಂಬ ಸಣ್ಣ ಭಾಗವು ನೋವಿಗೆ 24 ಗಂಟೆ ಮೊದಲೇ ಎಚ್ಚರಗೊಳ್ಳುತ್ತಿದ್ದುದು ಕಂಡುಬಂದಿತು. ಇದನ್ನು ಓದಿದಾಗ ನನಗೆ ತೀರಿಹೋದ ನನ್ನ ತಾಯಿಯ ನೆನಪಾಯಿತು. ಅವರಿಗೂ ಅರೆತಲೆ ಶೂಲೆ. ಹಿಂದಿನ ದಿನ ಸಂಜೆಯೇ ಮೇಲಿಂದ ಮೇಲೆ ಆಕಳಿಸತೊಡಗುತ್ತಿದ್ದರು. “ನಾಳೆ ನಂಗೆ ತಲಿಶೂಲಿ ಬತ್ತ್” ಎಂದು ಹೇಳಿ ಮರುದಿನದ ಅಕ್ಕಿಯನ್ನು ಅಂದೇ ಆರಿಸಿಟ್ಟು, ಕೊಡಗಳಿಗೆ ನೀರು ತುಂಬಿಸಿಡುತ್ತಿದ್ದರು. ನಾಳೆಯ ನೋವು ಇಂದೇ ಹೇಗೆ ತಿಳಿಯುತ್ತದೆ, ಇದು ಕೆಲಸ ತಪ್ಪಿಸುವ ಪಂಚಾಂಗವೆಂದು ಮನೆಯ ಹಿರಿಯರು ನಗೆಯಾಡುತ್ತಿದ್ದರು. ನಾವು ಮಕ್ಕಳೂ ಕೂಡಿ ನಗುತ್ತಿದ್ದೆವು. ಮರುದಿನ ಅವರು ಹಣೆಗೆ ಶುಂಠಿ ತೇಯ್ದು ಹಚ್ಚಿ, ತಲೆಗೆ ಬಟ್ಟೆ ಬಿಗಿದು, ಕತ್ತಲೆಯ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಆ ಪಂಚಾಂಗ ಸರಿಯಾಗಿಯೇ ಇದ್ದಿತು.

ಹಾಗಾದರೆ ಸಾಧಾರಣ ಎಂ.ಆರ್.ಐ.ಯಲ್ಲಿ ಏನೂ ಕಾಣುವುದೇ ಇಲ್ಲವೇ ಎಂದು ಕೇಳಬಹುದು. ಕೆಲವರಲ್ಲಿ ಸಣ್ಣ ಬಿಳಿಯ ಚುಕ್ಕೆಗಳು ಕಾಣುತ್ತವೆ. ಹಾಲೆಂಡಿನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವು, ಮುಖ್ಯವಾಗಿ ಮಹಿಳೆಯರಲ್ಲಿ, ಉಳಿದವರಿಗಿಂತ ಹೆಚ್ಚಾಗಿ ಕಂಡುಬಂದವು. ಒಂಬತ್ತು ವರ್ಷದ ಮೇಲೆ ಅವರಲ್ಲಿ ಅನೇಕರನ್ನು ಮತ್ತೆ ಪರೀಕ್ಷಿಸಿ 2012ರಲ್ಲಿ ವರದಿ ಕೊಟ್ಟರು: ಮಹಿಳೆಯರಲ್ಲಿ ಚುಕ್ಕೆಗಳು ತುಸು ಹೆಚ್ಚಿದ್ದರೂ ಅವರ ನೆನಪಿಗಾಗಲಿ ಬುದ್ಧಿಗಾಗಲಿ ಅದರಿಂದ ಕುಂದು ಬಂದುದು ಕಾಣಲಿಲ್ಲ. ಆದುದರಿಂದ ಚುಕ್ಕೆ ಇಲ್ಲವೆಂದು ನೋವನ್ನು ಸುಳ್ಳೆನ್ನುವುದು ಎಷ್ಟು ತಪ್ಪೋ, ಚುಕ್ಕೆ ಇದೆಯೆಂದು ಊಟ ಬಿಟ್ಟು ಕೂರುವುದೂ ಅಷ್ಟೇ ತಪ್ಪು. ಅರೆತಲೆ ಶೂಲೆಯನ್ನು ವೈದ್ಯರು ಇಂದಿಗೂ ನಿರ್ಧರಿಸುವುದು ಚಿತ್ರದಿಂದಲ್ಲ, ರೋಗಿಯ ಮಾತಿನಿಂದ. ಬೇರೆ ಕೆಟ್ಟ ಕಾರಣವಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದಕ್ಕೆ ಮಾತ್ರ ಸ್ಕ್ಯಾನಿಂಗ್. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಡನೆ ಕತ್ತು ಸೆಟೆಯುವುದು, ತಲೆಗೆ ಪೆಟ್ಟು, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ತಲೆನೋವು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂಗಡಿಯ ಗುಳಿಗೆಯನ್ನು ದಿನಬಿಟ್ಟು ದಿನ ನುಂಗುತ್ತ ಹೋದರೆ ಗುಳಿಗೆಯೇ ತಲೆನೋವಿಗೆ ಕಾರಣವಾಗುತ್ತದೆಂಬುದನ್ನೂ ನೆನಪಿಡತಕ್ಕದ್ದು.

ಇದು ದೂರದೇಶದ ಮಾತೆಂದು ತಿಳಿಯಬಾರದು. ನಮ್ಮ ಕರ್ನಾಟಕದಲ್ಲಿಯೇ, ಬೆಂಗಳೂರಿನ ಪೇಟೆಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 18ರಿಂದ 65ರ ಪ್ರಾಯದ 2,329 ಮಂದಿಯನ್ನು ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ಮನೆಮನೆಗೆ ಹೋಗಿ ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ ವರ್ಷವೊಂದರಲ್ಲಿ 100ಕ್ಕೆ 25 ಮಂದಿಗೆ ಅರೆತಲೆ ಶೂಲೆಯ ಕಾಟ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಈ ಪ್ರಮಾಣ ನಮ್ಮ ಕಡೆಗೂ ಸಲ್ಲುವುದಾದರೆ ನಲವತ್ತು ಮಂದಿ ಕುಳಿತ ಬಸ್ಸಿನಲ್ಲಿ ಹತ್ತು ಮಂದಿಗೆ ಇದರ ಪರಿಚಯವಿರಬೇಕು. ಹೊಳೆಗಳಿಗೆ ಸೇತುವೆಯಿಲ್ಲದೆ ದೋಣಿಯಲ್ಲಿ ದಾಟುತ್ತಿದ್ದ ಕಾಲದಲ್ಲಿ ಬೈಂದೂರಿನವರಿಗೆ ದೊಡ್ಡ ಆಸ್ಪತ್ರೆ ಕನಸಾಗಿತ್ತು. 1953ರಲ್ಲಿ ಮಣಿಪಾಲದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ವೈದ್ಯರೂ ಯಂತ್ರಗಳೂ ನಮ್ಮ ಸಮೀಪಕ್ಕೆ ಬಂದಿವೆ. ಚಿತ್ರ ತೆಗೆಯುವ ಯಂತ್ರ ಊರ ಬಳಿಗೆ ಬಂದಿತು. ಅದರ ವರದಿಯನ್ನು ಓದುವ ವಿವೇಕ ಮನೆಯೊಳಗೆ ಬರಬೇಕಾಗಿದೆ.

ಇಷ್ಟನ್ನೆಲ್ಲ ಓದಿದ ಬಳಿಕ ಒಂದು ಭಾನುವಾರ ನನ್ನ ಶಿಷ್ಯೆಯ ಮನೆಗೆ ಹೋದೆನು. ಅವಳ ಅತ್ತೆಯವರು ಬೆಲ್ಲ ನೀರು ಕೊಟ್ಟು ಕೂರಿಸಿದರು. ರೇಡಿಯೋದ ಉಪಮಾನವನ್ನೇ ಅವರಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಗೂ ಹೀಗೆಯೇ ಆಗುತ್ತಿತ್ತೆಂದು ಅವರು ಮೆಲ್ಲಗೆ ಹೇಳಿದರು. ನಾನು ಹೊರಡುವ ಮೊದಲು, ಒಂಬತ್ತನೆಯ ತರಗತಿಯ ಆ ದಿನದ ಮಾತಿಗೆ ಶಿಷ್ಯೆಯ ಕ್ಷಮೆ ಕೇಳಿದೆ. ಅವಳು ನಕ್ಕಳು, ಮರೆತಿರಲಿಲ್ಲವೆಂದು ಆ ನಗೆಯಿಂದಲೇ ತಿಳಿಯಿತು. ತಮ್ಮ ಮನೆಯಲ್ಲಿಯೂ ಯಾರಾದರೂ ಕೋಣೆಯ ಬಾಗಿಲು ಮುಚ್ಚಿ ಮಲಗಿದ್ದರೆ, ವಾಚಕರು ದಯವಿಟ್ಟು ರೇಡಿಯೋದ ದನಿಯನ್ನು ಕೊಂಚ ತಗ್ಗಿಸಬೇಕು.